ಹದಿನೇಳು ಬಸ್ಸಿನ ಕೆಲಸ ಹನ್ನೆರಡರಲ್ಲಿ

ಮೊದಲು ಒಂದು ಲೆಕ್ಕ ಮಾಡೋಣ. ಒಂದು ಬಸ್ ಮಾರ್ಗ, ಉದ್ದ 15 ಕಿ.ಮೀ. ಬೆಳಗಿನ ದಟ್ಟಣೆಯಲ್ಲಿ ಬಸ್ಸು ಗಂಟೆಗೆ 12 ಕಿ.ಮೀ. ವೇಗದಲ್ಲಿ ತೆವಳುತ್ತದೆ ಎಂದಿಟ್ಟುಕೊಳ್ಳಿ. ಹೋಗಲು 75 ನಿಮಿಷ, ಬರಲು 75. ಎರಡೂ ತುದಿಗಳಲ್ಲಿ ಹತ್ತು ಹತ್ತು ನಿಮಿಷ ನಿಲ್ಲಬೇಕು. ಡ್ರೈವರ್, ಕಂಡಕ್ಟರ್ ನೀರು ಕುಡಿಯಬೇಕು, ತಡವಾಗಿದ್ದರೆ ಅಲ್ಲೇ ಸರಿದೂಗಬೇಕು. ಒಂದು ಸುತ್ತು ಮುಗಿಯಲು 170 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಬಿಡಬೇಕೆಂದರೆ 17 ಬಸ್ ಬೇಕು.

ಈಗ ಅದೇ ಮಾರ್ಗದಲ್ಲಿ ವೇಗವನ್ನು 18ಕ್ಕೆ ಏರಿಸಿ. ಹದಿನೆಂಟು ಏನು ಮಹಾ ವೇಗವಲ್ಲ, ಜೋರಾಗಿ ಸೈಕಲ್ ತುಳಿಯುವವರೂ ಅಷ್ಟು ಹೋಗುತ್ತಾರೆ. 50 ಹೋಗಲು, 50 ಬರಲು, 20 ನಿಲ್ಲಲು. ಒಟ್ಟು 120 ನಿಮಿಷ. ಹತ್ತು ನಿಮಿಷಕ್ಕೊಂದರಂತೆ ಓಡಿಸಲು 12 ಬಸ್ ಸಾಕು. ಐದು ಬಸ್, ಅವುಗಳ ಚಾಲಕರು, ಡೀಸೆಲ್ಲು ಎಲ್ಲ ಉಳಿಯಿತು. ಅಥವಾ ಹದಿನೇಳನ್ನೂ ಅಲ್ಲೇ ಇಟ್ಟುಕೊಂಡರೆ ಏಳು ನಿಮಿಷಕ್ಕೊಂದು ಬಸ್ ಬರುತ್ತದೆ. ಒಂದು ಹೊಸ ಬಸ್ಸನ್ನೂ ಕೊಳ್ಳದೆ.

ಬೆಂಗಳೂರಿನಲ್ಲಿ ಸುಸ್ಥಿರ ಸಾರಿಗೆಯ ಮಾತು ಬಂದಾಗಲೆಲ್ಲ ನಾವು ಕಿಲೋಮೀಟರ್ ಎಣಿಸುತ್ತೇವೆ. ಮೆಟ್ರೊ ಇಷ್ಟು ಕಿ.ಮೀ., ಮೇಲ್ಸೇತುವೆ ಇಷ್ಟು ಕಿ.ಮೀ., ಉಪನಗರ ರೈಲು ನಾಲ್ಕು ಕಾರಿಡಾರ್ ಸೇರಿ 148 ಕಿ.ಮೀ. ಪ್ರಯಾಣಿಕ ಎಣಿಸುವುದು ಮಾತ್ರ ನಿಮಿಷಗಳನ್ನು. ಮನೆಯಿಂದ ಸ್ಟಾಪಿಗೆ ನಡೆಯುವ ನಿಮಿಷ, ಸ್ಟಾಪಿನಲ್ಲಿ ಕಾಯುವ ನಿಮಿಷ, ಬಸ್ಸಿನೊಳಗೆ ಕೂರುವ ನಿಮಿಷ. ಕೋಟಿ ದಾಟಿದ ವಾಹನಗಳ ಈ ಊರಿನಲ್ಲಿ ಬಸ್ಸಿನ ನಿಜವಾದ ಪ್ರತಿಸ್ಪರ್ಧಿ ಕಾರಲ್ಲ, ಸ್ಕೂಟರ್. ಒಟ್ಟು ವಾಹನಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರಗಳೇ. ಸ್ಕೂಟರಿಗೆ ನಡಿಗೆಯಿಲ್ಲ, ಕಾಯುವುದಿಲ್ಲ. ಲೀಟರ್‌ಗೆ 45 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ ಎರಡೂಕಾಲು ರೂಪಾಯಿ ಪೆಟ್ರೋಲ್. ಅದರ ಜೊತೆ ಪೈಪೋಟಿ ನಡೆಯುವುದು ಪೋಸ್ಟರಿನಲ್ಲಲ್ಲ, ಗಡಿಯಾರದಲ್ಲಿ.

ಸುತ್ತಿನ ಈ ಲೆಕ್ಕ ಬಸ್ಸಿಗಷ್ಟೇ ಸೀಮಿತವಲ್ಲ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊದ ಹಳದಿ ಮಾರ್ಗ ಶುರುವಾದಾಗ 25 ನಿಮಿಷಕ್ಕೊಂದು ರೈಲು ಇತ್ತಲ್ಲ, ಯಾಕೆ ಅಂತ ಬಹಳ ಜನ ಗೊಣಗಿದರು. 19 ಕಿ.ಮೀ. ಮಾರ್ಗ, ಹೋಗಿ ಬಂದು ತುದಿಯಲ್ಲಿ ತಿರುಗಿಕೊಳ್ಳಲು ಸುಮಾರು 75 ನಿಮಿಷ. ಕೈಯಲ್ಲಿದ್ದದ್ದು ಮೂರು ರೈಲು. 75 ಭಾಗಿಸು 3. ನಾಲ್ಕನೆಯ ರೈಲು ಬಂದಾಗ ಅಂತರ 19 ನಿಮಿಷಕ್ಕೆ ಇಳಿಯಿತು, ಐದನೆಯದು ಬಂದಾಗ 15ಕ್ಕೆ. ಯಾರೂ ಗುಟ್ಟು ಮುಚ್ಚಿಟ್ಟಿರಲಿಲ್ಲ, ಐದನೇ ಕ್ಲಾಸಿನ ಭಾಗಾಕಾರ ಅಷ್ಟೆ. ರೈಲಿಗೆ ವೇಗ ಹೆಚ್ಚಿಸುವ ದಾರಿಯಿಲ್ಲ, ರೈಲಿನ ಸಂಖ್ಯೆಯನ್ನೇ ಹೆಚ್ಚಿಸಬೇಕು. ಬಸ್ಸಿಗೆ ಎರಡೂ ದಾರಿ ತೆರೆದಿದೆ; ಅಗ್ಗದ ದಾರಿಯನ್ನು ನಾವು ಬಳಸುತ್ತಿಲ್ಲ.

ನಡಿಗೆಯಿಂದ ಹೊರಡೋಣ. ಸರಿಯಾದ ಫುಟ್‌ಪಾತಿನಲ್ಲಿ ನಿಮಿಷಕ್ಕೆ 75 ಮೀಟರ್ ನಡೆಯಬಹುದು, 500 ಮೀಟರ್ ದೂರದ ಸ್ಟಾಪಿಗೆ ಏಳು ನಿಮಿಷ. ನಮ್ಮ ಫುಟ್‌ಪಾತಿನಲ್ಲಿ ಹತ್ತು ಹನ್ನೆರಡು ಆಗುವುದೇಕೆ ಎಂದು ತಿಳಿಯಬೇಕಾದರೆ ಕಾಲಕೆಳಗೆ ನೋಡಬೇಕು. ಬೆಂಗಳೂರಿನ ಬಹುಪಾಲು ಫುಟ್‌ಪಾತ್ ಮೋರಿಯ ಮುಚ್ಚಳ. ಮಳೆನೀರಿನ ಚರಂಡಿ ಕಟ್ಟಿ ಅದರ ಮೇಲೆ ಚಪ್ಪಡಿ ಹಾಸಿ ಫುಟ್‌ಪಾತ್ ಎಂದು ಕರೆದಿದ್ದೇವೆ. ಹಾಗಾಗಿ ಅದರ ಎತ್ತರವನ್ನು ನಡೆಯುವವರ ಕಾಲು ತೀರ್ಮಾನಿಸುವುದಿಲ್ಲ, ಚರಂಡಿಯ ಗೋಡೆ ತೀರ್ಮಾನಿಸುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್‌ನ 103ನೇ ಸಂಹಿತೆ ಎತ್ತರ 150 ಮಿ.ಮೀ. ಮೀರಬಾರದು, ನಡೆಯುವ ಜಾಗ 1.8 ಮೀಟರಿಗಿಂತ ಕಡಿಮೆಯಾಗಬಾರದು ಎನ್ನುತ್ತದೆ. ನಮ್ಮಲ್ಲಿ ಒಂದಡಿ, ಒಂದೂವರೆ ಅಡಿ ಎತ್ತರದವು ಎಷ್ಟು ಬೇಕೋ ಅಷ್ಟಿವೆ. ಹೂಳೆತ್ತಲು ಚಪ್ಪಡಿ ಕಿತ್ತವರು ಅದನ್ನು ಮತ್ತೆ ಕೂರಿಸುವಾಗ ಒಂದು ಮೂಲೆ ಎದ್ದಿರುತ್ತದೆ. ಮೊಣಕಾಲು ನೋವಿನ ಅಜ್ಜಿ ಆ ಮೂಲೆಯನ್ನು ಒಮ್ಮೆ ನೋಡಿ ರಸ್ತೆಗೆ ಇಳಿಯುತ್ತಾರೆ, ಮತ್ತೆ ಹತ್ತುವುದಿಲ್ಲ.

ಇನ್ನೊಂದು ತೊಂದರೆ ಮನೆ ಗೇಟುಗಳದ್ದು. ಪ್ರತಿ ಗೇಟಿನ ಮುಂದೆ ಕಾರು ಹತ್ತಲೆಂದು ಫುಟ್‌ಪಾತನ್ನು ರಸ್ತೆಯ ಮಟ್ಟಕ್ಕೆ ಇಳಿಸುತ್ತೇವೆ. ಮೂವತ್ತು ಅಡಿ ಅಗಲದ ಸೈಟುಗಳ ಸಾಲಿನಲ್ಲಿ ಪ್ರತಿ ಒಂಬತ್ತು ಮೀಟರಿಗೆ ಒಂದು ಇಳಿತ, ಒಂದು ಏರು. ಸರಿಯಾದ ಕ್ರಮ ಇದಕ್ಕೆ ವಿರುದ್ಧ: ಫುಟ್‌ಪಾತ್ ತನ್ನ ಮಟ್ಟದಲ್ಲೇ ನೆಟ್ಟಗೆ ಹೋಗಬೇಕು, ಕಾರಿಗೆ ಬೇಕಾದ ಇಳಿಜಾರು ಕರ್ಬ್ ಕಲ್ಲಿನ ಅಂಚಿನ ಒಂದೂವರೆ ಅಡಿಯಲ್ಲಿ ಮುಗಿಯಬೇಕು. ನಡೆಯುವವರು ದಿನಕ್ಕೆ ಇನ್ನೂರು ಸಲ ಹಾಯುವ ಜಾಗ, ಕಾರು ಎರಡು ಸಲ ಹಾಯುತ್ತದೆ. ಯಾರು ಏರಿಳಿಯಬೇಕು?

ಸ್ಕೂಟರ್ ಹತ್ತದಂತೆ ಬೊಲ್ಲಾರ್ಡ್ (ಗಿಡ್ಡ ಕಂಬ) ನೆಡಿ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಇಲ್ಲೊಂದು ಸಣ್ಣ ಇಕ್ಕಟ್ಟು. ಗಾಲಿಕುರ್ಚಿ ಸಲೀಸಾಗಿ ದಾಟಲು ಕಂಬಗಳ ನಡುವೆ 900 ಮಿ.ಮೀ. ಬೇಕು. ಸಾಮಾನ್ಯ ಸ್ಕೂಟರಿನ ಹ್ಯಾಂಡಲ್ ಅಗಲ 700 ಮಿ.ಮೀ. ಆಸುಪಾಸು. ಅಂದರೆ ಗಾಲಿಕುರ್ಚಿ ದಾಟುವ ಸಂದಿಯಲ್ಲಿ ಸ್ಕೂಟರೂ ದಾಟುತ್ತದೆ. ಸ್ಕೂಟರನ್ನು ತಡೆಯುವ ಸಂದಿ ಗಾಲಿಕುರ್ಚಿಯನ್ನೂ ತಡೆಯುತ್ತದೆ. ಅಗಲ ನೋಡಿ ಇಬ್ಬರನ್ನೂ ಬೇರ್ಪಡಿಸಲು ಆಗುವುದಿಲ್ಲ. ಬೊಲ್ಲಾರ್ಡ್ ಕಾರನ್ನು ಮಾತ್ರ ತಡೆಯುತ್ತದೆ, ಅದಕ್ಕಷ್ಟೇ ಅದನ್ನು ನಂಬಬೇಕು. ಸ್ಕೂಟರಿಗೆ ಮದ್ದು ಕ್ಯಾಮೆರಾ ಮತ್ತು ದಂಡ. ಅದರ ಜೊತೆಗೆ ಉದ್ದಕ್ಕೂ ಮುರಿಯದ ಕರ್ಬ್ ಇದ್ದರೆ ಹತ್ತುವ ಜಾಗಗಳೇ ಕಡಿಮೆಯಾಗುತ್ತವೆ.

ಈ ಊರಿಗೆ ಚೆನ್ನಾಗಿ ಮಾಡಲು ಬರುವುದೇ ಇಲ್ಲ ಎಂದಲ್ಲ. ಟೆಂಡರ್‌ಶ್ಯೂರ್ ಎಂಬ ರಸ್ತೆ ವಿನ್ಯಾಸದ ಮಾದರಿಯಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳನ್ನು ನಡೆದು ನೋಡಿ. ಜನ ಹೊಗಳುವುದು ಮೇಲಿನ ಕಲ್ಲುಹಾಸನ್ನು, ಅಸಲಿ ಕೆಲಸ ಇರುವುದು ಕೆಳಗೆ. ಕರೆಂಟಿನ ಕೇಬಲ್, ನೀರಿನ ಪೈಪು, ಒಳಚರಂಡಿ, ಇಂಟರ್ನೆಟ್ ಕೇಬಲ್ ಪ್ರತಿಯೊಂದಕ್ಕೂ ಜಾಗ ಗೊತ್ತು ಮಾಡಿ, ತೆರೆದು ನೋಡಲು ಚೇಂಬರ್ ಇಟ್ಟು, ರಸ್ತೆ ಅಗೆಯುವ ಅಗತ್ಯವನ್ನೇ ಕಡಿಮೆ ಮಾಡಿದರು. ಇನ್ನೊಂದು ಮುಖ್ಯ ಸಂಗತಿ, ಲೇನುಗಳ ಸಂಖ್ಯೆಯನ್ನು ಉದ್ದಕ್ಕೂ ಒಂದೇ ಇಟ್ಟದ್ದು. ನಮ್ಮ ರಸ್ತೆಗಳು ಒಂದು ಕಡೆ ಮೂರು ಲೇನ್, ನೂರು ಮೀಟರ್ ದಾಟಿದರೆ ಎರಡು, ಮುಂದೆ ಮತ್ತೆ ಮೂರೂವರೆ. ಅಗಲವಿದ್ದಲ್ಲಿ ನುಗ್ಗಿದ ವಾಹನಗಳು ಕಿರಿದಾದಲ್ಲಿ ಸಿಕ್ಕಿಕೊಳ್ಳುತ್ತವೆ. ರಸ್ತೆ ಸಾಗಿಸುವುದು ಕಿರಿದಾದ ಕುತ್ತಿಗೆ ಸಾಗಿಸಿದಷ್ಟನ್ನೇ. ಅಗಲವಾದ ಕಡೆ ಉಳಿದ ಜಾಗವನ್ನು ಫುಟ್‌ಪಾತಿಗೆ ಕೊಟ್ಟರೆ ವಾಹನಗಳು ಕಳೆದುಕೊಳ್ಳುವುದು ಏನೂ ಇಲ್ಲ. ಎಡವಟ್ಟಾಗುವುದು ಆಮೇಲೆ, ನಿರ್ವಹಣೆಯಲ್ಲಿ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಮೇಲೆ ಹೊಸ ಪದರ ಹಾಕುತ್ತಾ ಹೋದರೆ ರಸ್ತೆಯೇ ಫುಟ್‌ಪಾತಿನ ಮಟ್ಟಕ್ಕೆ ಏರುತ್ತದೆ, ಮಳೆನೀರು ಚರಂಡಿಯ ಬಾಯಿಗೆ ಹೋಗದೆ ಅಲ್ಲಲ್ಲೇ ನಿಲ್ಲುತ್ತದೆ.

ಸ್ಟಾಪಿಗೆ ಬಂದೆವು. ನಮ್ಮ ಎಂಜಿನಿಯರುಗಳಿಗೆ ಬಸ್ ಬೇ ಎಂದರೆ ಪ್ರೀತಿ: ಫುಟ್‌ಪಾತನ್ನು ಒಳಗೆ ಕೊರೆದು ಬಸ್ಸಿಗೆ ಜಾಗ. ನಕ್ಷೆಯಲ್ಲಿ ಚೆಂದ. ರಸ್ತೆಯಲ್ಲಿ ಆ ಜಾಗಕ್ಕೆ ಮೊದಲು ಆಟೋ ಬಂದು ನಿಲ್ಲುತ್ತದೆ. ಒಳಗೆ ಹೋದ ಬಸ್ಸಿಗೆ ಮತ್ತೆ ಹೊರಬರಲು ಯಾರೂ ಜಾಗ ಕೊಡುವುದಿಲ್ಲ ಎಂದು ಡ್ರೈವರಿಗೆ ಗೊತ್ತು, ಹಾಗಾಗಿ ಆತ ಎರಡನೇ ಲೇನಿನಲ್ಲೇ ನಿಲ್ಲಿಸುತ್ತಾನೆ. ಜನ ಫುಟ್‌ಪಾತಿನಿಂದ ಇಳಿದು ಓಡುತ್ತಾರೆ. 400 ಮಿ.ಮೀ. ನೆಲದ ಲೋ ಫ್ಲೋರ್ ಬಸ್ಸಿಗೆ 150 ಮಿ.ಮೀ. ಕರ್ಬಿನಿಂದ ಹತ್ತುವುದು ಒಂದು ಮೆಟ್ಟಿಲಿಗಿಂತ ಸ್ವಲ್ಪ ಹೆಚ್ಚು. ರಸ್ತೆಯಿಂದ ಹತ್ತಿದರೆ ಪೂರಾ 400. ಹಳೆಯ ಬಸ್ಸಿನ ನೆಲ 900 ಮಿ.ಮೀ. ಎತ್ತರ, ಸೀರೆ ಉಟ್ಟವರು, ಮಗು ಎತ್ತಿಕೊಂಡವರು ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು. ಒಬ್ಬೊಬ್ಬರಿಗೆ ಎರಡು ಸೆಕೆಂಡ್ ಹೆಚ್ಚಾದರೆ ಹದಿನೈದು ಜನ ಹತ್ತುವ ಸ್ಟಾಪಿನಲ್ಲಿ ಅರ್ಧ ನಿಮಿಷ. ಮಾರ್ಗದಲ್ಲಿ ಅಂಥ ಹತ್ತು ಸ್ಟಾಪಿದ್ದರೆ ಐದು ನಿಮಿಷ. ಮೊದಲ ಲೆಕ್ಕಕ್ಕೆ ಹಿಂತಿರುಗಿ ನೋಡಿ, ಹೋಗುಬರುವ ಹತ್ತು ನಿಮಿಷ ಎಂದರೆ ಒಂದು ಬಸ್.

ಬೇಯ ಬದಲು ಮಾಡಬೇಕಾದ್ದು ಫುಟ್‌ಪಾತನ್ನೇ ಹೊರಕ್ಕೆ ಚಾಚುವುದು. ಪಾರ್ಕಿಂಗ್ ಇರುವ ರಸ್ತೆಯಲ್ಲಿ ಎರಡು ಮೀಟರ್ ಹೊರಗೆ, ಒಂದು ಬಸ್ಸಿಗೆ 15 ಮೀಟರ್, ಎರಡು ಬಸ್ ಒಟ್ಟಿಗೆ ಬರುವ ಕಡೆ 30 ಮೀಟರ್ ಉದ್ದ. ಬಸ್ಸು ತನ್ನ ಲೇನಿನಲ್ಲೇ ನಿಲ್ಲುತ್ತದೆ, ಹತ್ತಿಸಿಕೊಂಡು ನೇರ ಹೊರಡುತ್ತದೆ. ಹಿಂದಿನ ಕಾರಿನವರು ಇಪ್ಪತ್ತು ಸೆಕೆಂಡ್ ಕಾಯುತ್ತಾರೆ, ಕಾಯಲಿ. ಸ್ಟಾಪನ್ನು ಸಿಗ್ನಲ್ ದಾಟಿದ ಮೇಲೆ ಇಡಬೇಕು. ಸಿಗ್ನಲಿಗೆ ಮುಂಚೆ ಇಟ್ಟರೆ ಜನರನ್ನು ಹತ್ತಿಸಿಕೊಳ್ಳುವಷ್ಟರಲ್ಲಿ ಹಸಿರು ಮುಗಿದು, ಬಸ್ಸು ಎರಡು ಸಲ ನಿಂತಂತಾಗುತ್ತದೆ.

ಕಾಯುವ ವಿಷಯ. ಬಂದರೆ ಒಟ್ಟಿಗೆ ಮೂರು, ಇಲ್ಲದಿದ್ದರೆ ಅರ್ಧ ಗಂಟೆ ಒಂದೂ ಇಲ್ಲ ಎಂದು ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯನ್ನು ಬೈಯದ ಪ್ರಯಾಣಿಕರಿಲ್ಲ. ಇದು ಡಿಪೋದವರ ಸೋಮಾರಿತನವೆಂದು ನಂಬಿದವರೇ ಹೆಚ್ಚು. ಕಾರಣ ಬೇರೆ. ಹತ್ತು ನಿಮಿಷದ ಅಂತರದಲ್ಲಿ ಹೊರಟ ಬಸ್ಸುಗಳಲ್ಲಿ ಒಂದು, ಯಾವುದೋ ಜಂಕ್ಷನ್ನಿನಲ್ಲಿ ಮೂರು ನಿಮಿಷ ಸಿಕ್ಕಿಕೊಂಡಿತು ಎನ್ನಿ. ಮುಂದಿನ ಸ್ಟಾಪಿನಲ್ಲಿ ಹತ್ತು ನಿಮಿಷದ ಜನರ ಬದಲು ಹದಿಮೂರು ನಿಮಿಷದ ಜನ ಕೂಡಿರುತ್ತಾರೆ. ಹತ್ತಿಸಿಕೊಳ್ಳಲು ಹೆಚ್ಚು ಹೊತ್ತು, ಅದರಿಂದ ಇನ್ನಷ್ಟು ತಡ, ಅದರ ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಜನ. ಹಿಂದಿನ ಬಸ್ಸಿಗೆ ಏಳು ನಿಮಿಷದ ಜನ ಮಾತ್ರ, ಅದು ಸಲೀಸಾಗಿ ಓಡಿ ಬಂದು ಮುಂದಿನದರ ಬೆನ್ನಿಗೆ ಹತ್ತುತ್ತದೆ. ಕೊನೆಗೆ ಎರಡೂ ಜೋಡಿಯಾಗಿ ಇಪ್ಪತ್ತು ನಿಮಿಷಕ್ಕೊಮ್ಮೆ ಬರುತ್ತವೆ. ಬಸ್ಸುಗಳ ಸಂಖ್ಯೆ ಅಷ್ಟೇ, ಸರಾಸರಿ ಕಾಯುವಿಕೆ ಐದು ನಿಮಿಷದಿಂದ ಹತ್ತಕ್ಕೆ ಏರಿತು. ಮೊದಲನೆಯದರಲ್ಲಿ ಫುಟ್‌ಬೋರ್ಡಿನಲ್ಲಿ ಜನ ಜೋತಾಡುತ್ತಿದ್ದರೆ ಎರಡನೆಯದರಲ್ಲಿ ಸೀಟು ಖಾಲಿ. ದಾರಿಯ ಮಧ್ಯೆ ಎರಡು ಮೂರು ಕಡೆ ಮುಂಚೆ ಬಂದ ಬಸ್ಸನ್ನು ಎರಡು ನಿಮಿಷ ಹಿಡಿದಿಡುವುದು ಇದಕ್ಕೆ ಪರಿಹಾರ. ಬಸ್ಸುಗಳಲ್ಲಿ ಜಿಪಿಎಸ್ ಇರುವಾಗ ಇದು ಕಷ್ಟವಲ್ಲ, ಆದರೆ ಹಿಡಿದಿಡಲು ಜಾಗ ಬೇಕು, ಸಂಚಾರ ನಿಯಂತ್ರಕರಿಗೆ ಅಧಿಕಾರ ಬೇಕು. ಒಳಗೆ ಕುಳಿತವರಿಗೆ ವಿವರಣೆಯನ್ನೂ ಕೊಡಬೇಕು, ಇಲ್ಲದಿದ್ದರೆ ಕಂಡಕ್ಟರಿನ ಪಾಡು ಬೇಡ.

ಟ್ರಿಪ್ ಕಟ್, ಅಂದರೆ ಹೊರಡಬೇಕಾದ ಟ್ರಿಪ್ಪನ್ನು ರದ್ದು ಮಾಡುವುದು, ಕೂಡ ಇದೇ ರೋಗದ ಲಕ್ಷಣ. ಸಿಬ್ಬಂದಿಯ ಪಾಳಿ ಎಂಟು ಗಂಟೆ. ಸುತ್ತಿಗೆ 170 ನಿಮಿಷ ಎಂದು ಶೆಡ್ಯೂಲ್ ಬರೆದಿದ್ದು ನಿಜಕ್ಕೂ 200 ಹಿಡಿದರೆ ಕೊನೆಯ ಟ್ರಿಪ್ಪಿಗೆ ಹೊತ್ತು ಉಳಿಯುವುದಿಲ್ಲ. ರದ್ದಾಗುವುದು ಬಹುತೇಕ ಪಾಳಿಯ ಕೊನೆಯದು, ಅಂದರೆ ಮಧ್ಯಾಹ್ನದ್ದು ಅಥವಾ ರಾತ್ರಿಯದು. ರಾತ್ರಿಯ ಬಸ್ಸು ನಂಬುವಂತಿಲ್ಲ ಎಂದಾದ ದಿನ ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿಗಳಲ್ಲಿ ದುಡಿದು ತಡವಾಗಿ ಮನೆಗೆ ಹೋಗುವವರು ಸ್ಕೂಟರ್ ಸಾಲಕ್ಕೆ ಅರ್ಜಿ ಹಾಕುತ್ತಾರೆ. ಒಮ್ಮೆ ಕಂತು ಕಟ್ಟಲು ಶುರು ಮಾಡಿದವರು ಬೆಳಗಿನ ಬಸ್ಸಿಗೂ ಬರುವುದಿಲ್ಲ.

ಇನ್ನು ರಸ್ತೆಯ ಮೇಲಿನ ವೇಗ. ಹೊರವರ್ತುಲ ರಸ್ತೆಯನ್ನು ಕಟ್ಟಿದ್ದು ಲಾರಿಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಎಂದು. ರಸ್ತೆ ಬಂದ ಮೇಲೆ ಅದರ ಪಕ್ಕಕ್ಕೇ ಟೆಕ್ ಪಾರ್ಕುಗಳು ಬಂದವು. ಅಗಲ ರಸ್ತೆ ತನ್ನ ಟ್ರಾಫಿಕ್ಕನ್ನು ತಾನೇ ಹುಟ್ಟಿಸಿಕೊಂಡಿತು. 2019ರ ಅಕ್ಟೋಬರ್‌ನಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಸುಮಾರು 17 ಕಿ.ಮೀ.ನಲ್ಲಿ ಮುಖ್ಯರಸ್ತೆಯ ಎಡ ಅಂಚಿನ ಲೇನನ್ನು ಬೊಲ್ಲಾರ್ಡ್ ನೆಟ್ಟು ಬಸ್ಸಿಗೆ ಮೀಸಲಿಟ್ಟರು. ನಿಂಬಸ್ ಎಂದು ಹೆಸರು. ಬಸ್ಸು ಚುರುಕಾಯಿತು. ತೊಂದರೆ ಬಂದದ್ದು ಅಂಚಿನಿಂದ. ಎಡಗಡೆ ಸರ್ವಿಸ್ ರಸ್ತೆ. ಅದರಿಂದ ಮುಖ್ಯರಸ್ತೆಗೆ ಬರುವ, ಮುಖ್ಯರಸ್ತೆಯಿಂದ ಅದಕ್ಕೆ ಇಳಿಯುವ ಪ್ರತಿ ಬಾಯಿಯಲ್ಲೂ ಕಾರುಗಳು ಬಸ್ ಲೇನನ್ನು ಅಡ್ಡ ಹಾಯಬೇಕು. ಬಾಯಿ ಇದ್ದಲ್ಲಿ ಬೊಲ್ಲಾರ್ಡ್ ಇಲ್ಲ, ಬೊಲ್ಲಾರ್ಡ್ ಇಲ್ಲದಲ್ಲಿ ಬೈಕು ಒಳಗೆ. ಗುದ್ದಿ ಮುರಿದ ಬೊಲ್ಲಾರ್ಡನ್ನು ಮರುದಿನ ಬೆಳಿಗ್ಗೆಯೇ ನೆಡದಿದ್ದರೆ ಆ ಸಂದಿಯೂ ಒಂದು ಬಾಯಿ. ಆರು ತಿಂಗಳಾಗುವ ಮುಂಚೆ ಕೋವಿಡ್ ಬಂತು, ಅದರ ಬೆನ್ನಿಗೆ ಅದೇ ರಸ್ತೆಯಲ್ಲಿ ನೀಲಿ ಮೆಟ್ರೊ ಮಾರ್ಗದ ಕಾಮಗಾರಿ ಬಂತು, ಬೊಲ್ಲಾರ್ಡುಗಳು ಹೋಗಿ ಬ್ಯಾರಿಕೇಡುಗಳು ನಿಂತವು.

ಬಸ್ ಲೇನಿನ ಅತಿ ದೊಡ್ಡ ಶತ್ರು ಕಣ್ಣಿಗೆ ಕಾಣುವ ನೋಟ. ನಿಮಿಷಕ್ಕೊಂದು ಬಸ್ಸು ಗಂಟೆಗೆ 20 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಎರಡು ಬಸ್ಸುಗಳ ನಡುವೆ 333 ಮೀಟರ್ ಅಂತರ. ಪಕ್ಕದ ಲೇನಿನಲ್ಲಿ ಬಂಪರಿಗೆ ಬಂಪರ್ ತಾಗಿಸಿ ಕುಳಿತ ಕಾರಿನವರಿಗೆ ಕಾಣುವುದು ಮುನ್ನೂರು ಮೀಟರ್ ಖಾಲಿ ಡಾಂಬರು. ಆ ಖಾಲಿ ಲೇನು ಗಂಟೆಗೆ 60 ಬಸ್, ಬಸ್ಸಿಗೆ 50 ಜನರಂತೆ 3,000 ಜನರನ್ನು ದಾಟಿಸಿರುತ್ತದೆ. ಸಿಗ್ನಲುಗಳಿರುವ ರಸ್ತೆಯ ಕಾರಿನ ಲೇನು ಗಂಟೆಗೆ 900 ಕಾರು, ಕಾರಿಗೆ ಒಂದೂವರೆ ಜನರಂತೆ 1,350. ಲೆಕ್ಕದಲ್ಲಿ ಬಸ್ಸು ಗೆದ್ದರೂ ವಾಟ್ಸಾಪ್ ಫೋಟೊದಲ್ಲಿ ಸೋಲುತ್ತದೆ. ದೆಹಲಿಯಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 2008ರಲ್ಲಿ ಕಟ್ಟಿದ ಬಸ್ ಕಾರಿಡಾರನ್ನು ಕೆಲವೇ ವರ್ಷಗಳಲ್ಲಿ ಕಿತ್ತುಹಾಕಿದ್ದಕ್ಕೆ ಈ ನೋಟದ ಸಿಟ್ಟೂ ಒಂದು ಕಾರಣ. ಹಾಗಾಗಿ ಗಂಟೆಗೆ ಹತ್ತು ಹದಿನೈದು ಬಸ್ಸು ಓಡುವ ರಸ್ತೆಯಲ್ಲಿ ಪೂರ್ತಿ ಲೇನ್ ಕೇಳಬಾರದು. ಮೊದಲು ಬಸ್ಸು ಹೆಚ್ಚಿಸಿ, ಮೂವತ್ತು ದಾಟಿದ ಮೇಲೆ ಲೇನ್ ಕೇಳಿ.

ಅಂಚಿನ ತೊಂದರೆ ಬೇಡವೆಂದರೆ ಲೇನನ್ನು ರಸ್ತೆಯ ನಡುವೆ ಇಡಬೇಕು. ಅದಕ್ಕೆ ದೂರ ಹೋಗಬೇಕಿಲ್ಲ, ಹುಬ್ಬಳ್ಳಿ–ಧಾರವಾಡಕ್ಕೆ ಹೋಗಿ. ಸುಮಾರು 22 ಕಿ.ಮೀ. ಉದ್ದಕ್ಕೆ ನಟ್ಟನಡುವೆ ಚಿಗರಿ ಎಂಬ ಬಸ್ಸುಗಳ ಪಥ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕ ಓಡಾಟ ಶುರು, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ. ಟಿಕೆಟ್ ನಿಲ್ದಾಣದಲ್ಲೇ, ನಿಲ್ದಾಣದ ಕಟ್ಟೆ ಬಸ್ಸಿನ ನೆಲಕ್ಕೆ ಸಮ, ಎಕ್ಸ್‌ಪ್ರೆಸ್ ಬಸ್ಸು ನಿಂತ ಬಸ್ಸನ್ನು ಹಿಂದಿಕ್ಕಲು ನಿಲ್ದಾಣದ ಬಳಿ ಇನ್ನೊಂದು ಲೇನ್. ತಾಂತ್ರಿಕವಾಗಿ ಬೆಂಗಳೂರು ಇದುವರೆಗೆ ಮಾಡಿದ್ದಕ್ಕಿಂತ ಇದು ಮೇಲು, ಇದನ್ನು ಬೆಂಗಳೂರಿನವರು ಒಪ್ಪಿಕೊಳ್ಳಬೇಕು. ಅದರ ಪಾಠಗಳೂ ಬೆಲೆಬಾಳುವಂಥವು. ನಿಲ್ದಾಣ ನಡುವೆ ಇದ್ದರೆ ಪ್ರತಿ ಪ್ರಯಾಣಿಕನೂ ಅರ್ಧ ರಸ್ತೆ ದಾಟಲೇಬೇಕು. 14 ಮೀಟರ್ ದಾಟಲು ಸಾಮಾನ್ಯರಿಗೆ 12 ಸೆಕೆಂಡ್, ವಯಸ್ಸಾದವರಿಗೆ 16. ಸಿಗ್ನಲಿನಲ್ಲಿ ಅಷ್ಟು ಹೊತ್ತು ಇಡದಿದ್ದರೆ ಅವರು ಸಿಗ್ನಲನ್ನು ನಂಬುವುದನ್ನೇ ಬಿಡುತ್ತಾರೆ. ಕೆಟ್ಟುನಿಂತ ಬಸ್ಸನ್ನು ಹದಿನೈದು ನಿಮಿಷದೊಳಗೆ ಎಳೆದು ತೆಗೆಯುವ ಗಾಡಿ ಸಿದ್ಧವಿರಬೇಕು, ನಡುಪಥದಲ್ಲಿ ಪಕ್ಕಕ್ಕೆ ತಳ್ಳಲು ಪಕ್ಕವೇ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸುಗಳು ಹಳತಾದಾಗ ಹೊಸದು ಕೊಳ್ಳುವ ಹಣವನ್ನು ಮೊದಲೇ ಎತ್ತಿಡಬೇಕು. ಬಸ್ಸು ಸೊರಗಿದರೆ ಲೇನು ಇನ್ನಷ್ಟು ಖಾಲಿಯಾಗಿ ಕಾಣುತ್ತದೆ, ಪಥವನ್ನು ಎಲ್ಲ ವಾಹನಗಳಿಗೂ ಬಿಡಿ ಎಂಬ ಕೂಗು ಏಳುತ್ತದೆ. ಅಲ್ಲಿ ಆ ಕೂಗು ಎದ್ದಿದೆ.

ಪೂರ್ತಿ ಲೇನಿಗೆ ಜಾಗವಿಲ್ಲದ ಕಡೆ ಜಂಕ್ಷನ್ನಿನ ಹಿಂದಿನ 60 ಮೀಟರ್ ಮಾತ್ರ ಬಸ್ಸಿಗೆ ಕೊಡಿ. ನಾಲ್ಕು ಬಸ್ಸು ಹಿಡಿಯುವ ಉದ್ದ ಅದು. ಬಸ್ಸು ಸಾಲನ್ನು ದಾಟಿ ಸಿಗ್ನಲಿನ ಮೂತಿಗೆ ಬಂದು ನಿಂತರೆ ಮೊದಲ ಹಸಿರಿನಲ್ಲೇ ದಾಟುತ್ತದೆ. ಜೊತೆಗೆ, ಬಸ್ಸು ಹತ್ತಿರವಿರುವಾಗ ಹಸಿರನ್ನು ಹತ್ತು ಸೆಕೆಂಡ್ ಹಿಗ್ಗಿಸುವ ವ್ಯವಸ್ಥೆ. ಒಂದು ಜಂಕ್ಷನ್ನಿನಲ್ಲಿ ಎರಡು ನಿಮಿಷ ಉಳಿದರೂ ಆರು ಜಂಕ್ಷನ್ನಿನಲ್ಲಿ ಹನ್ನೆರಡು ನಿಮಿಷ. ಇದಕ್ಕೆ ಕಾಂಕ್ರೀಟ್ ಬೇಡ, ಬಣ್ಣ, ಕ್ಯಾಮೆರಾ, ಸಿಗ್ನಲ್ ಪೆಟ್ಟಿಗೆಯ ತಂತ್ರಾಂಶ ಸಾಕು. ಬೇಕಾದ್ದು ಒಪ್ಪಂದ: ಬಣ್ಣ ಬಳಿಯುವುದು ಪಾಲಿಕೆ (2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆಗಳು), ಸಿಗ್ನಲ್ ಸಂಚಾರ ಪೊಲೀಸರದ್ದು, ಬಸ್ಸು ಬಿಎಂಟಿಸಿಯದು. ಇವರೆಲ್ಲರನ್ನೂ ಒಂದೇ ಮೇಜಿಗೆ ತರಲೆಂದೇ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು 2022ರಲ್ಲಿ ಮಾಡಿದ್ದು. ಕಾಯ್ದೆ ಪುಸ್ತಕದಲ್ಲಿದೆ, ಮೇಜು ಇನ್ನೂ ಗಟ್ಟಿಯಾಗಬೇಕು.

ಪಾರ್ಕಿಂಗ್ ಬಗ್ಗೆ ಚುಟುಕಾಗಿ. ನಿಂತ ಕಾರಿಗೆ ಐದು ಮೀಟರ್ ಉದ್ದ, ಎರಡೂವರೆ ಅಗಲ ಬೇಕು: ಸುಮಾರು 135 ಚದರಡಿ. 30–40 ಸೈಟಿನ ಒಂಬತ್ತನೇ ಒಂದು ಭಾಗ. ಅಷ್ಟು ಜಾಗವನ್ನು ಇದೇ ಊರಿನಲ್ಲಿ ಬಾಡಿಗೆಗೆ ಕೇಳಿ ನೋಡಿ, ರಸ್ತೆಯಲ್ಲಿ ಪುಕ್ಕಟೆ. 30 ಅಡಿ ರಸ್ತೆಯ ಎರಡೂ ಬದಿಗೆ ಕಾರು ನಿಂತರೆ ಉಳಿಯುವುದು ನಾಲ್ಕು ಮೀಟರ್ ಚಿಲ್ಲರೆ, ಅದರಲ್ಲೇ ನಡೆಯುವವರು, ಹಾಲಿನ ಗಾಡಿ, ಶಾಲೆಯ ವ್ಯಾನು. ಪುಕ್ಕಟೆ ಜಾಗ ಇರುವವರೆಗೆ ಎರಡನೇ ಕಾರು ಕೊಳ್ಳುವ ನಿರ್ಧಾರಕ್ಕೆ ಬೆಲೆಯಿಲ್ಲ. ನಗರದ ಮಧ್ಯಭಾಗದ ಕೆಲವು ರಸ್ತೆಗಳಲ್ಲಿ ಹಣ ಕೊಟ್ಟು ನಿಲ್ಲಿಸುವ ವ್ಯವಸ್ಥೆ ಬಂದಿದೆ. ಅಲ್ಲಿ ಎಡವುವುದು ಒಂದೇ ಕಡೆ: ಮುಖ್ಯರಸ್ತೆಗೆ ಶುಲ್ಕ ಹಾಕಿ ಅಡ್ಡರಸ್ತೆಯನ್ನು ಬಿಟ್ಟರೆ ಕಾರುಗಳೆಲ್ಲ ಅಡ್ಡರಸ್ತೆಗೆ ನುಗ್ಗುತ್ತವೆ. ಶುಲ್ಕ ಇಡೀ ಬಡಾವಣೆಗೆ ಒಂದೇ ದಿನ ಬರಬೇಕು.

ಮೆಟ್ರೊ ಇದೆಯಲ್ಲ ಎನ್ನುವವರು ಎರಡು ತುದಿಗಳ ಖರ್ಚನ್ನು ಮರೆಯುತ್ತಾರೆ. 2025ರ ಆಗಸ್ಟ್‌ನಿಂದ ಆಟೋ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ಎಂದರೆ 72. ಮೆಟ್ರೊ ಟಿಕೆಟ್ ಬೇರೆ. ಹೋಗಿ ಬರಲು ಇದು ದುಪ್ಪಟ್ಟು. ಸ್ಕೂಟರಿನ ಎರಡೂಕಾಲು ರೂಪಾಯಿಯ ಎದುರು ಇದು ನಿಲ್ಲುವುದಿಲ್ಲ. ಮನೆ ಕಡೆಯಿಂದ ನಿಲ್ದಾಣಕ್ಕೆ ಒಯ್ಯುವ ಮೆಟ್ರೊ ಫೀಡರ್ ಬಸ್ಸು ಇಪ್ಪತ್ತೈದು ನಿಮಿಷಕ್ಕೊಂದು ಇದ್ದರೂ ನಿಲ್ಲುವುದಿಲ್ಲ. ಎರಡೂವರೆ ಕಿ.ಮೀ. ಸುತ್ತಿನ ಫೀಡರಿಗೆ ಎಂಟು ನಿಮಿಷದ ಅಂತರ ಬೇಕು, ಅದಕ್ಕೆ ಮೂರು ಸಣ್ಣ ಬಸ್ಸು ಸಾಕು.

ಎಲೆಕ್ಟ್ರಿಕ್ ವಾಹನ ಬಂದರೆ ಇದೆಲ್ಲ ಬೇಡ ಎಂಬ ವಾದ ಕೇಳಿಬರುತ್ತದೆ. ಲೆಕ್ಕ ನೋಡಿ. ಡೀಸೆಲ್ ಬಸ್ಸು ಲೀಟರ್‌ಗೆ ನಾಲ್ಕೂವರೆ ಕಿ.ಮೀ. ಓಡಿದರೆ ಕಿಲೋಮೀಟರಿಗೆ ಸುಮಾರು 600 ಗ್ರಾಂ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. 40 ಜನರಿದ್ದರೆ ತಲೆಗೆ 15 ಗ್ರಾಂ. ಎಲೆಕ್ಟ್ರಿಕ್ ಕಾರು ಕಿಲೋಮೀಟರಿಗೆ 0.15 ಯೂನಿಟ್ ತಿನ್ನುತ್ತದೆ. ದೇಶದ ಗ್ರಿಡ್ ಸರಾಸರಿ ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್; ಒಂದೂವರೆ ಜನರಿದ್ದರೆ ತಲೆಗೆ 70 ಗ್ರಾಂ. ತುಂಬಿದ ಹಳೇ ಬಸ್ಸು ಹೊಳೆಯುವ ಹೊಸ ಕಾರಿಗಿಂತ ನಾಲ್ಕೂವರೆ ಪಟ್ಟು ಮೇಲು. ಬಸ್ಸೇ ಎಲೆಕ್ಟ್ರಿಕ್ ಆದರೆ ಹೊಗೆ ಮತ್ತು ಸದ್ದು ಇಳಿಯುವುದು ಖಚಿತ. ಇಂಗಾಲದ ಲಾಭ ಮಾತ್ರ ಕರೆಂಟು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ಕರ್ನಾಟಕದ ಸೌರವಿದ್ಯುತ್ತು ಹಗಲಿನದು, ಬಸ್ಸು ಹೆಚ್ಚಾಗಿ ಚಾರ್ಜ್ ಆಗುವುದು ರಾತ್ರಿ. ಬೆಳಗಿನ, ಸಂಜೆಯ ದಟ್ಟಣೆಯ ನಡುವೆ, 11ರಿಂದ 4ರೊಳಗೆ, ಒಂದಷ್ಟು ಬಸ್ಸುಗಳನ್ನು ಡಿಪೋಗೆ ಕರೆಸಿ ಚಾರ್ಜ್ ಮಾಡಿದರೆ ಆ ಬಿಸಿಲು ದಕ್ಕುತ್ತದೆ.

ಡಿಪೋದ ಹೊರೆಯನ್ನೂ ಅಂದಾಜು ಮಾಡಿ. ದಿನಕ್ಕೆ 200 ಕಿ.ಮೀ., ಕಿಲೋಮೀಟರಿಗೆ 1.2 ಯೂನಿಟ್: ಬಸ್ಸಿಗೆ 240 ಯೂನಿಟ್. ನೂರು ಬಸ್ಸಿಗೆ 24,000. ಆರು ಗಂಟೆಯಲ್ಲಿ ತುಂಬಬೇಕೆಂದರೆ ನಾಲ್ಕು ಮೆಗಾವ್ಯಾಟ್. ಮಾಮೂಲಿ ಟ್ರಾನ್ಸ್‌ಫಾರ್ಮರ್ ಹೊರುವ ಹೊರೆಯಲ್ಲ, ವಿದ್ಯುತ್ ಕಂಪನಿ ಬೆಸ್ಕಾಂ ಪ್ರತ್ಯೇಕ ಹೈಟೆನ್ಷನ್ ಲೈನ್ ಎಳೆಯಬೇಕು. ಬಸ್ಸಿನ ಟೆಂಡರಿಗೆ ಮುಂಚೆ ಲೈನಿನ ಅರ್ಜಿ ಹೋಗಬೇಕು. ಇಲ್ಲೂ ವೇಗದ ಲೆಕ್ಕ ತಪ್ಪುವುದಿಲ್ಲ. ಎಸಿ ಗಂಟೆಗೆ ಎಂಟು ಯೂನಿಟ್ ಎಳೆಯುತ್ತದೆ, ಬಸ್ಸು ಓಡಲಿ ನಿಲ್ಲಲಿ. ಗಂಟೆಗೆ 12 ಕಿ.ಮೀ. ಓಡಿದರೆ ಕಿಲೋಮೀಟರಿಗೆ 0.67 ಯೂನಿಟ್ ಎಸಿಗೇ ಹೋಯಿತು, 18ರಲ್ಲಿ 0.44. ಕಿಲೋಮೀಟರ್ ಲೆಕ್ಕದಲ್ಲಿ ಹಣ ಪಡೆಯುವ ಗುತ್ತಿಗೆ ಕಂಪನಿಗೆ ಕನಿಷ್ಠ ಕಿಲೋಮೀಟರ್ ಖಾತರಿ ಇರುತ್ತದೆ, ಹಾಗಾಗಿ ಜಾಮಿನಲ್ಲಿ ಓಡದೇ ಹೋದ ಕಿಲೋಮೀಟರಿಗೂ ನಿಗಮ ದುಡ್ಡು ತೆರಬೇಕಾಗುತ್ತದೆ.

ಕೊನೆಯದಾಗಿ, ಒಂದು ಬಡಾವಣೆಯ ಸಂಘ ಒಂದು ವಾರದಲ್ಲಿ ಮಾಡಬಹುದಾದ ಕೆಲಸ. ನಿಮ್ಮ ಸ್ಟಾಪಿನಲ್ಲಿ ಬೆಳಿಗ್ಗೆ 8ರಿಂದ 10, ವಾಚು ಮತ್ತು ನೋಟ್‌ಬುಕ್ ಹಿಡಿದು ಒಬ್ಬರು ನಿಲ್ಲಿ. ಒಂದೇ ಮಾರ್ಗದ ಪ್ರತಿ ಬಸ್ಸು ಬಂದ ನಿಮಿಷ, ಅದರ ನೋಂದಣಿ ಸಂಖ್ಯೆ, ಕೂರಲು ಜಾಗವಿತ್ತೇ, ನಿಂತವರಿದ್ದರೇ, ಹತ್ತಲಾಗದೆ ಉಳಿದವರೆಷ್ಟು: ಇಷ್ಟು ಬರೆಯಿರಿ. ಸೋಮವಾರದಿಂದ ಶುಕ್ರವಾರ. ಶನಿವಾರ ಕುಳಿತು ಅಂತರಗಳನ್ನು ತೆಗೆಯಿರಿ. ಉದಾಹರಣೆಗೆ 2, 18, 3, 17 ನಿಮಿಷ ಎಂದು ಬಂತೆನ್ನಿ. ಸರಾಸರಿ ಅಂತರ ಹತ್ತು, ಡಿಪೋದವರು ವೇಳಾಪಟ್ಟಿ ಸರಿಯಿದೆ ಎನ್ನುತ್ತಾರೆ. ಉದ್ದ ಅಂತರದಲ್ಲಿ ಹೆಚ್ಚು ಜನ ಹೆಚ್ಚು ಹೊತ್ತು ಕಾಯುತ್ತಾರೆ, ಹಾಗಾಗಿ ನೀವು ಪ್ರತಿ ಅಂತರದ ವರ್ಗ ಮಾಡಿ ಕೂಡಿಸಿ: 4, 324, 9, 289, ಒಟ್ಟು 626. ಅದನ್ನು ಒಟ್ಟು ನಿಮಿಷದ ಎರಡರಷ್ಟರಿಂದ, ಅಂದರೆ 80ರಿಂದ ಭಾಗಿಸಿ. 7.8 ನಿಮಿಷ. ಜನ ನಿಜಕ್ಕೂ ಕಾದದ್ದು ಇಷ್ಟು. ಸರಿಸಮ ಅಂತರವಿದ್ದರೆ ಐದು ಆಗುತ್ತಿತ್ತು. ಆ ಹಾಳೆಯನ್ನು ಡಿಪೋ ವ್ಯವಸ್ಥಾಪಕರಿಗೂ ವಿಭಾಗೀಯ ಸಂಚಾರ ಅಧಿಕಾರಿಗೂ ಕೊಡಿ. ಬಹಳ ಅರ್ಜಿಗಳು ಹೆಚ್ಚುವರಿ ಬಸ್ ಕೇಳುತ್ತವೆ, ಬಸ್ ಇಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ನೀವು ಬಸ್ ಕೇಳಬೇಡಿ. 18 ನಿಮಿಷದ ಅಂತರ ಯಾವ ಜಂಕ್ಷನ್ನಿನಲ್ಲಿ ಹುಟ್ಟಿತು ಎಂದು ಅದೇ ಬಸ್ಸುಗಳ ಜಿಪಿಎಸ್ ದಾಖಲೆಯಿಂದ ತೆಗೆದು ತೋರಿಸಿ ಎಂದು ಕೇಳಿ, ಆ ಜಂಕ್ಷನ್ನಿನ ಹೆಸರು ಹಿಡಿದು ಸಂಚಾರ ಪೊಲೀಸರ ಬಳಿ 60 ಮೀಟರ್ ಕೇಳಲು ಹೋಗಿ.